ಗ್ರೂವ್ ರೋಲರ್ ಹಾಕಿದ ಮೇಲೆ ಸುಕ್ಕು ಜಾಸ್ತಿ ಆಯ್ತು!

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಣ್ಣ ಪ್ಲಾಸ್ಟಿಕ್ ಫಿಲ್ಮ್ ಯೂನಿಟ್. ಹಳೇ ರೋಲರ್‌ಗೆ ಹೊಸ ರಬ್ಬರ್ ಹಾಕಿಸಿ, ನಡುವಿಂದ ಎರಡೂ ಕಡೆಗೆ ಸುರುಳಿ ಗ್ರೂವ್ (ಕೊರೆದ ಗೀರು) ಹೊಡೆಸಿದೆ. ಈಗ ಫಿಲ್ಮ್ ನಡುವೆಯೇ ಮಡಿಕೆ ಬೀಳುತ್ತಿದೆ. ರಬ್ಬರ್ ಕೆಟ್ಟದ್ದಾ?

ಉತ್ತರ 1: ಗ್ರೈಂಡಿಂಗ್ ಸರಿ ಇಲ್ಲ ಅನ್ಸುತ್ತೆ.

ಉತ್ತರ 2: ರಬ್ಬರ್ ಪಾಪ ಏನು ಮಾಡೀತು! ರೋಲರ್ ಎಡಬಲ ತಿರುಗಿಸಿ ಹಾಕಿದ್ದೀರಿ, ಅಷ್ಟೇ. ಗ್ರೂವ್ ಫಿಲ್ಮನ್ನು ತುದಿಗಳ ಕಡೆ ಹರಡಬೇಕು, ಈಗ ನಡುವಿಗೆ ತಳ್ಳುತ್ತಿದೆ. ಗ್ರೂವ್‌ಗೆ ಸೀಮೆಸುಣ್ಣ ತುಂಬಿ ಫಿಲ್ಮ್ ಓಡುವ ದಿಕ್ಕಿಗೇ ಕೈಯಲ್ಲಿ ತಿರುಗಿಸಿ. ಬಿಳಿ ಗೆರೆ ತುದಿಗಳ ಕಡೆ ಓಡಬೇಕು. ನಾನು ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನು: ಹಸಿ ರಬ್ಬರ್ ಹಾಳೆ ಸುತ್ತಿ, ಮೇಲೆ ಒದ್ದೆ ನೈಲಾನ್ ಪಟ್ಟಿ ಬಿಗಿದು, ಆಟೋಕ್ಲೇವ್‌ನಲ್ಲಿ (ದೊಡ್ಡ ಪ್ರೆಶರ್ ಕುಕ್ಕರ್ ಥರದ ಟ್ಯಾಂಕ್) ಹಬೆಗೆ ಬೇಯಿಸುತ್ತೇವೆ. ಆರಿದ ಮೇಲೆ ಗ್ರೈಂಡಿಂಗ್, ಗ್ರೂವ್ ಕೊನೆಗೆ. ಮೆತ್ತನೆ ರಬ್ಬರ್ ಆದರೆ ಟೂಲ್ ಮುಟ್ಟಿದರೆ ಸಾಕು, ಜಾರುತ್ತೆ. ಅದೇ ತಲೆನೋವು.

ಪ್ರಶ್ನೆ ಕೇಳಿದವರು: ತಿರುಗಿಸಿ ಹಾಕಿದೆ ಸರ್. ಮಡಿಕೆ ಹೋಯ್ತು!