ಒಂದೇ ಪೆಟ್ಟಿನ ತಾಳ

ಅತ್ತಿಗೆ, ನಿಮ್ಮ ಮೆಸೇಜ್ ನೋಡಿದೆ. "ಆರ್ಕೆಸ್ಟ್ರಾ ಕೇಳೋಕೆ ಮುಂಬೈಗೆ ಹೋಗಬೇಕಿತ್ತಾ, ನಮ್ಮ ಸಾಗರದ ಮಾರಿಜಾತ್ರೆಗೆ ಬಂದಿದ್ದರೆ ಪುಕ್ಕಟೆ ಸಿಗ್ತಿತ್ತಲ್ಲ" ಅಂತ ಕೇಳಿದ್ದೀರಿ. ಟೈಪ್ ಮಾಡಿದರೆ ಮುಗಿಯೋ ಮಾತಲ್ಲ, ಹಾಗಾಗಿ ಬಾಯಲ್ಲೇ ಹೇಳಿ ಕಳಿಸ್ತಿದ್ದೇನೆ. ಹಿಂದೆ ಗರಗರ ಅನ್ನೋದು ಅಡಿಕೆ ಸುಲಿಯೋ ಮೆಷಿನ್, ಸ್ವಲ್ಪ ಸಹಿಸಿಕೊಳ್ಳಿ.

ಮೊದಲನೇದಾಗಿ, ಮಾರಿಜಾತ್ರೆ ಬರೋದು ಮೂರು ವರ್ಷಕ್ಕೊಮ್ಮೆ. ಆಮೇಲೆ, ಇದು ಆ ಆರ್ಕೆಸ್ಟ್ರಾ ಅಲ್ಲ. ಸಿನಿಮಾ ಹಾಡಿಲ್ಲ, ಹಾಡೋರೇ ಇಲ್ಲ, ಬರೀ ವಾದ್ಯಗಳ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ನಾರಿಮನ್ ಪಾಯಿಂಟಿನಲ್ಲಿ ಎನ್‌ಸಿಪಿಎ ಅನ್ನೋ ಕಲಾಕೇಂದ್ರದಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಅಂತ ಒಂದು ತಂಡ ಇದೆ, 2006ರಲ್ಲಿ ಶುರುವಾಗಿದ್ದು. ಮಗಳು ಕರೆದುಕೊಂಡು ಹೋದಳು. ಸಾವಿರದ ಮೇಲೆ ಜನ ಕೂರೋ ಹಾಲು. ನಾನು ಮೊದಲು ಹುಡುಕಿದ್ದು ಸ್ಪೀಕರ್ ಎಲ್ಲಿದೆ ಅಂತ. ಇಲ್ಲವೇ ಇಲ್ಲ! ಮೈಕಿಲ್ಲದೆ ಹಿಂದಿನ ಸಾಲಿಗೂ ಕೇಳಬೇಕು ಅಂತಲೇ ಅಷ್ಟೊಂದು ಪಿಟೀಲು ಕೂರಿಸೋದಂತೆ.

ಶುರುವಿಗೆ ಮುಂಚೆ ಓಬೋ ಅಂತ ಒಂದು ವಾದ್ಯ ಒಂದೇ ಸ್ವರ ಹಿಡಿಯಿತು. ನಮ್ಮ ಓಲಗದ ಜಾತಿಯದ್ದೇ, ಬಾಯಲ್ಲಿ ಜೊಂಡಿನ ಪಟ್ಟಿ ಇಟ್ಟು ಊದೋದು. ಉಳಿದವರೆಲ್ಲ ಅದಕ್ಕೆ ಶ್ರುತಿ ಸೇರಿಸಿಕೊಂಡರು. ಯಕ್ಷಗಾನದ ಆಟಕ್ಕೆ ಮುಂಚೆ ಮದ್ದಲೆ ಶ್ರುತಿ ಮಾಡುವಾಗ ಚಿಕ್ಕವರಿದ್ದಾಗ ನಮಗೆ ಹೊಟ್ಟೆಯಲ್ಲಿ ಒಂಥರಾ ಆಗ್ತಿತ್ತಲ್ಲ, ಹಾಗೇ ಆಯಿತು. ಇವರಿಗೂ ಭಾಗವತರ ಹಾಗೆ ಒಬ್ಬರಿದ್ದಾರೆ. ಆದರೆ ಹಾಡೋದಿಲ್ಲ, ನಮಗೆ ಬೆನ್ನು ಹಾಕಿ ಕಡ್ಡಿ ಆಡಿಸೋದು ಅಷ್ಟೇ. ಸುಮ್ನೆ ಶೋಕಿಗೆ ಅಂದುಕೊಂಡಿದ್ದೆ. ಅವರ ಎಡಗೈ ಚೂರು ಕೆಳಗಿಳಿದರೆ ಸಾಕು, ಅಷ್ಟೂ ಪಿಟೀಲು ಪಿಸುಮಾತಿಗೆ ಇಳೀತಿತ್ತು.

ಅವತ್ತು ನುಡಿಸಿದ್ದು ನ್ಯೂ ವರ್ಲ್ಡ್ ಸಿಂಫನಿ. ಡ್ವೊರ್ಝಾಕ್ ಅನ್ನೋ ಚೆಕ್ ಮನುಷ್ಯ ಅಮೆರಿಕದಲ್ಲಿದ್ದಾಗ 1893ರಲ್ಲಿ ಬರೆದು ಮುಗಿಸಿದ್ದು. ಸಿಂಫನಿ ಅಂದರೆ ಇಡೀ ತಂಡ ಸೇರಿ ನುಡಿಸೋ ಉದ್ದದ ಕೃತಿ, ಇದಕ್ಕೆ ನಾಲ್ಕು ಭಾಗ. ಮೊದಲನೇದು ಮುಗಿದಿದ್ದೇ ತಡ, ನಾನು ಜೋರಾಗಿ ಚಪ್ಪಾಳೆ ತಟ್ಟಿದೆ. ಇಡೀ ಹಾಲಿನಲ್ಲಿ ನಾನೊಬ್ಬಳೇ! ನಾಲ್ಕೂ ಮುಗಿದ ಮೇಲೆ ತಟ್ಟೋದಂತೆ. ಆಮೇಲೆ ಸೆರಗಿನೊಳಗೆ ಕೈ ಇಟ್ಟುಕೊಂಡೇ ಕೂತೆ. ನಿದ್ದೆ ಬಂತಾ ಅಂತ ಭಾವ ಕೇಳಿದ್ದಾರೆ. ಎರಡನೇ ಭಾಗದಲ್ಲಿ ಇಂಗ್ಲಿಷ್ ಹಾರ್ನ್ ಅಂತ, ಓಬೋದ ಅಕ್ಕ ಅನ್ನಿ, ತಗ್ಗಿದ ದನಿಯಲ್ಲಿ ಒಂಟಿಯಾಗಿ ನುಡಿಯಿತು. ಆಗ ಕಣ್ಣು ಮುಚ್ಚಿದ್ದು ಹೌದು. ನಿದ್ದೆ ಅಲ್ಲ ಭಾವ.

ನನ್ನ ಕಣ್ಣೆಲ್ಲ ಹಿಂದಿನ ಸಾಲಿನ ಒಬ್ಬನ ಮೇಲೆ. ಅವನ ಪಕ್ಕ ಊಟದ ತಟ್ಟೆಗಿಂತ ದೊಡ್ಡ ಎರಡು ತಾಳ. ಇಡೀ ಸಿಂಫನಿಯಲ್ಲಿ ಅದಕ್ಕೆ ಒಂದೇ ಪೆಟ್ಟು, ಅದೂ ಕೊನೇ ಭಾಗದಲ್ಲಿ ಅಂತ ಮಗಳು ಮೊದಲೇ ಹೇಳಿದ್ದಳು. ಅರ್ಧ ಗಂಟೆಯ ಮೇಲಾದ ಮೇಲೆ ಎದ್ದ. ತಾಳ ಎತ್ತಿಕೊಂಡ. ಢಣ್ ಅಂತ ಬಡೀತಾನೆ ಅಂದುಕೊಂಡರೆ ಒಂದಕ್ಕೊಂದು ತಾಗಿಸಿದ ಅಷ್ಟೇ. ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿದ ಹಾಗೆ, ಛಸ್! ಆಮೇಲೆ ಎದೆಗೆ ಒತ್ತಿ ಸದ್ದು ನಿಲ್ಲಿಸಿ, ಮಲಗಿರೋ ಮಗುವನ್ನ ಇಳಿಸೋ ಹಾಗೆ ಕೆಳಗಿಟ್ಟು ಕೂತ.

ಆ ಒಂದು ಪೆಟ್ಟಿಗೆ ಎಷ್ಟು ಕೊಡ್ತಾರಂತೆ ಅಂತ ಭಾವ ಕೇಳೇ ಕೇಳ್ತಾರೆ. ಅದನ್ನ ನಾನೂ ಮಗಳ ಹತ್ತಿರ ಕೇಳಿ ಬೈಸಿಕೊಂಡಿದ್ದಾಗಿದೆ.