ಅಪ್‌ಡೇಟ್: ಬಿ.ಎಡ್ ಲೆಕ್ಕ ಕೊನೆಗೂ ಬಗೆಹರಿಯಿತು

ಬೇಲೂರಿನ ಅಂಗಡಿಯಲ್ಲಿ ಲೆಕ್ಕ ಬರೆಯುವ 13,000ದ ಕೆಲಸ ಬಿಟ್ಟು ಹಾಸನದಲ್ಲಿ ಬಿ.ಎಡ್ (ಎರಡು ವರ್ಷದ ಶಿಕ್ಷಕರ ತರಬೇತಿ) ಮಾಡಿದರೆ ಗಿಟ್ಟುತ್ತಾ ಅಂತ ಎರಡು ವಾರದ ಹಿಂದೆ ಇಲ್ಲಿ ಕೇಳಿದ್ದೆ. ಮಾಡೋದು ಅಂತ ತೀರ್ಮಾನ ಆಯ್ತು. ಆದರೆ ಜಾಸ್ತಿ ಫೀಸಿನ ಮ್ಯಾನೇಜ್‌ಮೆಂಟ್ ಸೀಟಲ್ಲ.

"ಫೀಸ್ ಒಂದೇ ನೋಡಬೇಡಿ, ಬಿಟ್ಟುಹೋಗೋ ಸಂಬಳನೂ ಸೇರಿಸಿ" ಅಂದವರಿಗೆ ಥ್ಯಾಂಕ್ಸ್. ಹಾಲಿನ ಚೀಟಿಯ ಹಿಂದೆ ಬರೆದು ನೋಡಿದೆ. 24 ತಿಂಗಳಿಗೆ 3,12,000! ಅದರ ಮುಂದೆ ಫೀಸ್ ಏನೂ ಅಲ್ಲ. ಆದರೂ ಫೀಸ್ ಕಮ್ಮಿ ಅಂತ ಸರ್ಕಾರಿ ಕೋಟಾಕ್ಕೆ ಅರ್ಜಿ ಹಾಕಿದ್ದೇನೆ. ಭಾನುವಾರ ಬಂದು ಲೆಕ್ಕ ಬರೆದರೆ ತಿಂಗಳಿಗೆ 4,000 ಕೊಡುತ್ತೇನೆ ಅಂತ ಅಂಗಡಿ ಯಜಮಾನರೂ ಒಪ್ಪಿದ್ದಾರೆ.

ದೂರಶಿಕ್ಷಣದಲ್ಲಿ ಬಿ.ಎಡ್ ಮಾಡಿ ಅನ್ನೋ ಸಲಹೆ ಕೈಕೊಟ್ಟಿತು. ಅದು ಡಿ.ಎಡ್ ತರಹದ ತರಬೇತಿ ಆಗಲೇ ಮುಗಿಸಿದವರಿಗೆ, ನನ್ನಂಥ ಬರೀ ಬಿ.ಎಸ್ಸಿಯವರಿಗಲ್ಲ. ಹಾಸನದಲ್ಲಿ ಪಿ.ಜಿ. (ಬಾಡಿಗೆ) ರೂಮೂ ಬೇಡವಾಯ್ತು, ಮನೆಯಿಂದಲೇ ದಿನಾ ಓಡಾಡಬಹುದು. ಹೆಂಗಸರಿಗೆ ಫ್ರೀ ಬಸ್ಸಿನ ಶಕ್ತಿ ಯೋಜನೆಯಿಂದ ಬಸ್ ಖರ್ಚು ಸೊನ್ನೆ, ಕೂರೋಕೆ ಜಾಗ ಸಿಕ್ಕರೆ ಪುಣ್ಯ.

ನನಗೆ ಗೊತ್ತೇ ಇರಲಿಲ್ಲ: 2023ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಬರೀ ಬಿ.ಎಡ್ ಇದ್ದರೆ 1ರಿಂದ 5ನೇ ತರಗತಿಯ ಶಿಕ್ಷಕರಾಗೋಕೆ ಆಗಲ್ಲ. 6ರಿಂದ 8ಕ್ಕೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪೇಪರ್ 2 ಪಾಸಾಗಬೇಕು. ಹಾಸನದ ಎರಡು ಖಾಸಗಿ ಶಾಲೆಗಳಲ್ಲಿ ವಿಚಾರಿಸಿದೆ. ಶುರುವಿನ ಸಂಬಳ ಒಂದರಲ್ಲಿ 12,000, ಇನ್ನೊಂದರಲ್ಲಿ 14,000. ಸರ್ಕಾರಿ ಕೆಲಸ ಸಿಗದಿದ್ದರೆ ಹೆಚ್ಚುಕಮ್ಮಿ ಈಗಿನಷ್ಟೇ ಅಲ್ವಾ? ಅಪ್ಪನಿಗೆ ಇದನ್ನಿನ್ನೂ ಹೇಳಿಲ್ಲ.