ಟೈಪ್‌ಗೆ ಆರ್ಡ್ ಹಾಕಿದ ಮೇಲೂ ಫಂಕ್ಷನ್‌ಗೆ ಮತ್ತೆ ಯಾಕೆ? (ಹ್ಯಾಸ್ಕೆಲ್ ಪ್ರೋಗ್ರಾಮಿಂಗ್ ಭಾಷೆ)

ಪ್ರಶ್ನೆ: ನಮಸ್ಕಾರ ಸರ್. ಸರ್ಚ್ ಟ್ರೀ (ಕ್ರಮವಾಗಿ ಜೋಡಿಸಿದ ಮರ) ಹೀಗೆ ಬರೆದಿದ್ದೀನಿ, ಆರ್ಡ್ ಅಂದ್ರೆ ಹೋಲಿಸಿ ಕ್ರಮ ಹೇಳಬಲ್ಲ ಟೈಪ್ ಆಗಿರಬೇಕು ಅನ್ನೋ ನಿರ್ಬಂಧ:

ಡೇಟಾ ಆರ್ಡ್ ಎ => ಟ್ರೀ ಎ = ಲೀಫ್ | ನೋಡ್ (ಟ್ರೀ ಎ) ಎ (ಟ್ರೀ ಎ)

ಡೇಟಾಟೈಪ್‌ಕಾಂಟೆಕ್ಸ್ಟ್ಸ್ ಎಕ್ಸ್‌ಟೆನ್ಷನ್ ಇಲ್ಲದೆ ಜಿಎಚ್‌ಸಿ (ಹ್ಯಾಸ್ಕೆಲ್ ಕಂಪೈಲರ್) ಒಪ್ಪಲಿಲ್ಲ, ಅದನ್ನೂ ಹಾಕಿದೆ. ಆದ್ರೂ ಇನ್ಸರ್ಟ್‌ಗೆ ಮತ್ತೆ ಆರ್ಡ್ ಎ ಕೇಳ್ತಿದೆ. ಹೋಗ್ಲಿ ಅಂದ್ರೆ, ಬರೀ ನೋಡ್ ಎಣಿಸೋ ಸೈಜ್‌ಗೂ ಬೇಕಂತೆ! ಟೈಪ್‌ನಲ್ಲೇ ಹೇಳಿದೀನಲ್ಲ?

ಉತ್ತರ: ಆ ಸಾಲಿಂದ ಆರ್ಡ್ ತೆಗೀರಿ, ಎಕ್ಸ್‌ಟೆನ್ಷನ್ನೂ ತೆಗೀರಿ. ಹ್ಯಾಸ್ಕೆಲ್ 98ರಲ್ಲಿ ಹೀಗೆ ಬರೆಯೋಕೆ ಅವಕಾಶವಿತ್ತು. ಈಗ ಜಿಎಚ್‌ಸಿಯೇ ಇದನ್ನ ಬಳಸಬೇಡಿ ಅನ್ನುತ್ತೆ, ಸರಿಯಾಗೇ ಅನ್ನುತ್ತೆ.

ಫಂಕ್ಷನ್‌ನ ಸಿಗ್ನೇಚರ್‌ನಲ್ಲಿ (ಅದರ ಟೈಪ್ ಹೇಳೋ ಸಾಲಿನಲ್ಲಿ) ‘ಆರ್ಡ್ ಎ =>’ ಅಂತ ಬರೆದ್ರೆ ಕಂಪೈಲರ್ ಅದನ್ನ ಕಣ್ಣಿಗೆ ಕಾಣದ ಒಂದು ಆರ್ಗ್ಯುಮೆಂಟ್ ಮಾಡುತ್ತೆ. ಆ ಟೈಪ್‌ನ ಕಂಪೇರ್ ಮೊದಲಾದ ಫಂಕ್ಷನ್‌ಗಳು ಕೂತಿರೋ ಡಿಕ್ಷನರಿ ಅದು. ನಿಮ್ಮ ಡೇಟಾ ಸಾಲು ಈ ಡಿಕ್ಷನರಿಯನ್ನ ನೋಡ್ ಒಳಗೆ ಇಡೋದೇ ಇಲ್ಲ. ನೋಡ್ ಕಟ್ಟುವಾಗ್ಲೂ ತೋರಿಸು, ಪ್ಯಾಟರ್ನ್ ಮ್ಯಾಚ್‌ನಲ್ಲಿ ಬಿಚ್ಚುವಾಗ್ಲೂ ತೋರಿಸು ಅನ್ನುತ್ತೆ, ಅಷ್ಟೇ. ಕೇಳೋದುಂಟು, ಕೊಡೋದಿಲ್ಲ. ಸೈಜ್ ಸಿಕ್ಕಿಬಿದ್ದಿದ್ದು ಇಲ್ಲೇ.

ಡೇಟಾ.ಸೆಟ್ ಲೈಬ್ರರಿ ತೆಗೆದು ನೋಡಿ. ಟೈಪ್ ಮೇಲೆ ನಿರ್ಬಂಧವೇ ಇಲ್ಲ.

ಇನ್ಸರ್ಟ್ :: ಆರ್ಡ್ ಎ => ಎ -> ಸೆಟ್ ಎ -> ಸೆಟ್ ಎ
ಸೈಜ್ :: ಸೆಟ್ ಎ -> ಇಂಟ್
ಮ್ಯಾಪ್ :: ಆರ್ಡ್ ಬಿ => (ಎ -> ಬಿ) -> ಸೆಟ್ ಎ -> ಸೆಟ್ ಬಿ

ಮ್ಯಾಪ್‌ನಲ್ಲಿ ಬಿಗೆ ಮಾತ್ರ ಆರ್ಡ್ ಇದೆ, ಗಮನಿಸಿ. ಹಳೇ ಸೆಟ್ಟನ್ನ ಬರೀ ಓದಿದ್ರೆ ಸಾಕು, ಹೋಲಿಸೋ ಕೆಲಸ ಇರೋದು ಹೊಸದನ್ನ ಕಟ್ಟುವಾಗ. ಸೆಟ್‌ಗೆ ಫಂಕ್ಟರ್ (ಒಳಗಿನ ಪ್ರತಿಯೊಂದಕ್ಕೂ ಫಂಕ್ಷನ್ ಹಚ್ಚಬಲ್ಲ ಟೈಪ್‌ಗಳ ವರ್ಗ) ಇನ್‌ಸ್ಟೆನ್ಸ್, ಅಂದ್ರೆ ಆ ಟೈಪ್‌ಗಾಗಿ ಬರೆದ ಜಾರಿ, ಇಲ್ಲದಿರೋದೂ ಇದಕ್ಕೇ: ಫಂಕ್ಟರ್‌ನ ಎಫ್‌ಮ್ಯಾಪ್ ಯಾವ ಬಿ ಬಂದ್ರೂ ಒಪ್ಪಬೇಕು, ಆರ್ಡ್ ಕೇಳೋ ಹಾಗಿಲ್ಲ.

ಮರುಪ್ರಶ್ನೆ: ಡಿಕ್ಷನರಿ ಮರದೊಳಗೆ ಇಲ್ಲ ಅಂದ್ರೆ, ಒಂದು ಸಲ ಏರಿಕೆ ಕ್ರಮದ್ದು, ಇನ್ನೊಂದು ಸಲ ಇಳಿಕೆಯದ್ದು ಬಂದು ಮರ ಕೆಡೋದಿಲ್ವಾ?

ಉತ್ತರ: ಒಳ್ಳೇ ಅನುಮಾನ. ಒಂದು ಟೈಪ್‌ಗೆ ಆರ್ಡ್ ಇನ್‌ಸ್ಟೆನ್ಸ್ ಒಂದೇ ಇರಬೇಕು ಅನ್ನೋದು ಹ್ಯಾಸ್ಕೆಲ್ ನಿಯಮ, ಹಾಗಾಗಿ ಯಾವಾಗ ಕೇಳಿದ್ರೂ ಇಂಟ್‌ಗೆ ಬರೋದು ಅದೇ ಡಿಕ್ಷನರಿ. ಇಳಿಕೆ ಬೇಕಿದ್ರೆ ಡೇಟಾ.ಆರ್ಡ್‌ನ ಡೌನ್ ನ್ಯೂಟೈಪ್‌ನಲ್ಲಿ (ಕ್ರಮ ತಿರುಗಿಸೋ ಹೊದಿಕೆ ಟೈಪ್) ಸುತ್ತಿ. ಆಗ ಅದು ಬೇರೆಯೇ ಟೈಪ್.

ಒಂದು ಕಳ್ಳದಾರಿ ಮಾತ್ರ ಉಳಿಯುತ್ತೆ. ಕೊಅರ್ಸ್ (ಒಳಗಿನ ರೂಪ ಒಂದೇ ಆದ ಟೈಪ್‌ಗಳನ್ನ ಹಾಗೇ ಬದಲಿಸೋ ಫಂಕ್ಷನ್) ಹಾಕಿ ‘ಟ್ರೀ ಇಂಟ್’ ಅನ್ನ ‘ಟ್ರೀ (ಡೌನ್ ಇಂಟ್)’ ಮಾಡಿದ್ರೆ ಕ್ರಮ ಉಲ್ಟಾ ಆದ ಮರ ಕೈಗೆ ಬರುತ್ತೆ, ಹುಡುಕಿದ್ದು ಸಿಗಲ್ಲ. ಸೆಟ್‌ನಲ್ಲಿ ಇದನ್ನ ತಡೆದಿದ್ದಾರೆ. ನೀವೂ ರೋಲ್‌ಆನೊಟೇಷನ್ಸ್ ಎಕ್ಸ್‌ಟೆನ್ಷನ್ ಹಾಕಿ ‘ಟೈಪ್ ರೋಲ್ ಟ್ರೀ ನಾಮಿನಲ್’ ಅಂತ ಒಂದು ಸಾಲು ಸೇರಿಸಿ (ಇಂಥ ಕೊಅರ್ಸ್ ಒಪ್ಪಬೇಡ ಅಂತ ಅರ್ಥ), ಮಾಡ್ಯೂಲ್‌ನಿಂದ ನೋಡ್, ಲೀಫ್ ಎಕ್ಸ್‌ಪೋರ್ಟ್ ಮಾಡಬೇಡಿ.